ಆರ್ಡರ್ ಕೇಕ್ ಶುಕ್ರವಾರ ರಾತ್ರಿ, ಮಕ್ಕಳ ಕೇಕ್ ಭಾನುವಾರ ಬೆಳಿಗ್ಗೆ

ಮನೆಯಲ್ಲೇ ಕೇಕ್ ಆರ್ಡರ್ ಮಾಡಿಕೊಡುವವರ ಮಕ್ಕಳು ಬೀಟರ್ ಸದ್ದು ಕೇಳಿದ ಕೂಡಲೇ ಸ್ಟೂಲ್ ಎಳೆದುಕೊಂಡು ಬಂದು ನಿಲ್ಲುತ್ತಾರೆ. "ನಾನೂ ಕಲಸ್ತೀನಿ" ಅನ್ನುವ ಮಗುವನ್ನು ಅಡುಗೆಮನೆಯಿಂದ ಆಚೆ ಕಳಿಸಲು ಮನಸ್ಸು ಬರುವುದಿಲ್ಲ, ಕಳಿಸಲೂಬಾರದು. ಹಾಗಂತ ಸಂಜೆ ಐದಕ್ಕೆ ಇನ್ನೊಬ್ಬರ ಮನೆಗೆ ಹೋಗಬೇಕಾದ ಕೇಕಿನ ಹಿಟ್ಟಿಗೆ ಆ ಪುಟ್ಟ ಕೈ ಹಾಕಿಸುವುದೂ ಸರಿಯಲ್ಲ. ದುಡ್ಡು ಕೊಟ್ಟವರಿಗೆ ಶುಚಿಯಾದ, ಒಂದೇ ಹದದ ಕೇಕ್ ಸಿಗಬೇಕು. ಮಗುವಿಗೆ ಚೆಲ್ಲಲು, ತಪ್ಪಲು, ಇನ್ನೊಮ್ಮೆ ಮಾಡಲು ಜಾಗ ಬೇಕು. ಇವೆರಡನ್ನೂ ಒಂದೇ ಬಟ್ಟಲಲ್ಲಿ ಮಾಡಲು ಹೋದರೆ ಕೇಕೂ ಕೆಡುತ್ತದೆ, ಮಗುವಿನ ಮೇಲೆ ಕೂಗಾಟವೂ ಆಗುತ್ತದೆ. ಎರಡಕ್ಕೂ ಹೊತ್ತು ಬೇರೆ ಮಾಡಿ, ಅಳತೆ ಮಾತ್ರ ಒಂದೇ ಇಟ್ಟುಕೊಳ್ಳಿ. ಆರ್ಡರ್ ಕೇಕಿಗೆ ಯಾವ ಅಳತೆಯೋ ಭಾನುವಾರ ಮಕ್ಕಳ ಜೊತೆ ಮಾಡುವ ಕೇಕಿಗೂ ಅದೇ. ಹೀಗೆ ಮಾಡಿದರೆ ಮಕ್ಕಳ ಕೇಕೇ ನಿಮ್ಮ ಪ್ರಯೋಗವೂ ಆಗುತ್ತದೆ. ಹೊಸ ಬ್ರ್ಯಾಂಡಿನ ಮೈದಾ, ಹೊಸ ಟಿನ್, ಹೊಸ ಎಸೆನ್ಸ್ ಏನೇ ಇದ್ದರೂ ಮೊದಲು ಭಾನುವಾರ ನೋಡಿ, ಆಮೇಲೆ ಗ್ರಾಹಕರಿಗೆ ಕೊಡಿ.

ಒಂದೇ ಅಳತೆ

ಕರ್ನಾಟಕದಲ್ಲಿ ಮನೆ ಕೇಕ್ ಕೇಳುವವರಲ್ಲಿ ಎಗ್‌ಲೆಸ್ ಕೇಳುವವರು ಬಹಳ. ಸೋಮವಾರ, ಶನಿವಾರ, ಶ್ರಾವಣ ಅಂದರೆ ಮಾಂಸಾಹಾರಿ ಮನೆಯವರೂ ಎಗ್‌ಲೆಸ್ ಅನ್ನುತ್ತಾರೆ. ಹಾಗಾಗಿ ಮೊಸರಿನ ವೆನಿಲಾ ಸ್ಪಾಂಜ್ (ಕ್ರೀಂ ಸವರುವ ಮೊದಲಿನ ಬರೀ ಕೇಕ್) ಒಂದನ್ನು ಕಣ್ಣು ಮುಚ್ಚಿ ಮಾಡುವಷ್ಟು ಪಳಗಿಸಿಕೊಳ್ಳಿ.

ಒಂದು ಕೆಜಿ ಕೇಕಿಗೆ, 7 ಇಂಚಿನ ದುಂಡು ಟಿನ್‌ಗೆ: ಮೈದಾ 180 ಗ್ರಾಂ, ಗಟ್ಟಿ ಮೊಸರು 240 ಗ್ರಾಂ, ಪುಡಿ ಮಾಡಿದ ಸಕ್ಕರೆ 150 ಗ್ರಾಂ, ವಾಸನೆಯಿಲ್ಲದ ಸೂರ್ಯಕಾಂತಿ ಎಣ್ಣೆ 120 ಎಂಎಲ್, ಬೇಕಿಂಗ್ ಪೌಡರ್ 1 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ವೆನಿಲಾ 1 ಟೀ ಚಮಚ, ಒಂದು ಚಿಟಿಕೆ ಉಪ್ಪು. ಅರ್ಧ ಕೆಜಿ ಕೇಕಿಗೆ ಎಲ್ಲವನ್ನೂ ಅರ್ಧ ಮಾಡಿ 6 ಇಂಚಿನ ಟಿನ್ ಬಳಸಿ. ಚಮಚ ಅಂದರೆ 5 ಎಂಎಲ್ ಅಳತೆಯ ಚಮಚ, ಕಾಫಿ ಕಲಕುವ ಚಮಚ ಅಲ್ಲ. ತಲೆ ತಟ್ಟಿ ಸಮ ಮಾಡಿಯೇ ಹಾಕಬೇಕು. ಅರ್ಧ ಚಮಚ ಸೋಡಾ ತಪ್ಪಿ ಒಂದು ಚಮಚ ಆದರೆ ಕೇಕ್ ಕಂದು ತಿರುಗಿ ಸಾಬೂನಿನ ಒಗರು ಬರುತ್ತದೆ. ಆಮೇಲೆ ಏನು ಮಾಡಿದರೂ ಅದು ಹೋಗುವುದಿಲ್ಲ.

ಮೈದಾವನ್ನು ಕಪ್ಪಿನಲ್ಲಿ ಅಳೆಯಬೇಡಿ. ಒಂದೇ ಕಪ್ಪಿಗೆ ಜರಡಿ ಹಿಡಿದು ಹಾಕಿದರೆ 120 ಗ್ರಾಂ ಇಳಿಯುವ ಮೈದಾ ಡಬ್ಬಿಯಿಂದ ಮೊಗೆದು ಒತ್ತಿದರೆ 150 ಗ್ರಾಂ ದಾಟಬಹುದು. "ಹೋದ ವಾರ ಹೂವಿನ ಹಾಗೆ ಬಂದಿತ್ತು, ಈ ವಾರ ಇಟ್ಟಿಗೆ" ಅನ್ನುವವರ ಮನೆಯಲ್ಲಿ ಮುಕ್ಕಾಲು ಪಾಲು ಕಾರಣ ಇದೇ. ಒಂದು ಗ್ರಾಂ ಲೆಕ್ಕದ ಡಿಜಿಟಲ್ ತೂಕದ ಮಷೀನ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೇಕ್ ವ್ಯವಹಾರಕ್ಕೆ ಮೊದಲು ಕೊಳ್ಳಬೇಕಾದದ್ದು ಅದು, ಕ್ರೀಂ ಹೂ ಬಿಡಿಸುವ ಚಂದದ ನೊಝಲ್ ಸೆಟ್ ಅಲ್ಲ.

ಬೇಕಿಂಗ್ ಪೌಡರ್ 1 ಚಮಚ ಎಂದದ್ದು ಬೆಂಗಳೂರಿನ ಲೆಕ್ಕ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಹಿಟ್ಟಿನೊಳಗಿನ ಗುಳ್ಳೆ ಬೇಗ, ಹೆಚ್ಚು ಹಿಗ್ಗುತ್ತದೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಗುಳ್ಳೆ ಒಡೆದರೆ ನಡು ಕುಸಿಯುತ್ತದೆ. ಮಂಗಳೂರು, ಉಡುಪಿ, ಕಾರವಾರದವರು ಇದೇ ಅಳತೆಗೆ ಒಂದೂಕಾಲು ಚಮಚ ಹಾಕಬಹುದು. ಕರಾವಳಿಯ ಅತ್ತಿಗೆ ಕೊಟ್ಟ ಅಳತೆ ಬೆಂಗಳೂರಿನ ಮನೆಯಲ್ಲಿ ಕೈಕೊಟ್ಟರೆ ಅತ್ತಿಗೆಯದು ತಪ್ಪಿಲ್ಲ.

ಮಗು ಜೊತೆಗಿದ್ದರೆ ಕೆಲಸದ ಕ್ರಮ ಬದಲಾಗುತ್ತದೆ

ದೊಡ್ಡವರು ಒಬ್ಬರೇ ಮಾಡುವಾಗ ಮೊಸರು, ಸಕ್ಕರೆ ಕಲಸಿ, ಸೋಡಾ, ಬೇಕಿಂಗ್ ಪೌಡರ್ ಹಾಕಿ, ನೊರೆ ಏಳುವಷ್ಟರಲ್ಲಿ ಮೈದಾ ಜರಡಿ ಹಿಡಿದುಬಿಡುತ್ತಾರೆ. ಐದು ವರ್ಷದ ಮಗು 180 ಗ್ರಾಂ ಮೈದಾ ಜರಡಿ ಹಿಡಿಯಲು ಹತ್ತು ನಿಮಿಷ ತೆಗೆದುಕೊಳ್ಳುತ್ತದೆ, ಅದರ ಅರ್ಧ ಹೊತ್ತು ಮೈದಾದ ಗುಡ್ಡದಲ್ಲಿ ಬೆರಳಿಂದ ದಾರಿ ಮಾಡುವುದರಲ್ಲೇ ಹೋಗುತ್ತದೆ. ಅಷ್ಟರಲ್ಲಿ ನೊರೆ ಇಳಿದಿರುತ್ತದೆ. ಮೊಸರಿನ ಹುಳಿ ಸೋಡಾಕ್ಕೆ ತಾಗಿದ ಕ್ಷಣದಿಂದಲೇ ಗಾಳಿ ಹುಟ್ಟಿ ಹೊರಗೆ ಹೋಗಲು ಶುರುವಾಗುತ್ತದೆ, ಅದು ನಮ್ಮ ಕೈ ಕೆಲಸ ಮುಗಿಯುವವರೆಗೆ ಕಾಯುವುದಿಲ್ಲ.

ಹಾಗಾಗಿ ಮಕ್ಕಳ ಜೊತೆಗೆ ಹೀಗೆ ಮಾಡಿ. ಮೊದಲು ಟಿನ್‌ಗೆ ಎಣ್ಣೆ ಸವರಿ, ತಳಕ್ಕೆ ಬಟರ್ ಪೇಪರ್ ಕತ್ತರಿಸಿ ಹಾಕಿಸಿ. ಟಿನ್ ಅನ್ನು ಪೇಪರ್ ಮೇಲಿಟ್ಟು ಪೆನ್ಸಿಲ್‌ನಲ್ಲಿ ಸುತ್ತು ಗೀಚಿ ಕತ್ತರಿಸುವುದು ನಾಲ್ಕು ವರ್ಷದವರಿಗೂ ಆಗುವ ಕೆಲಸ. ಗೀಚಿದ ಬದಿ ಕೆಳಗೆ ಬರಬೇಕು. ಆಮೇಲೆ ಮೈದಾ, ಉಪ್ಪು ತೂಗಿ ಎರಡು ಸಲ ಜರಡಿ ಹಿಡಿದು ಪಕ್ಕಕ್ಕೆ ಇಡಿಸಿ. ಆಮೇಲೆ ಓವನ್ ಹಚ್ಚಿ. ಆಮೇಲೆ ಮೊಸರಿಗೆ ಸಕ್ಕರೆ ಪುಡಿ ಹಾಕಿ, ಬೆರಳಿಗೆ ತರಿ ತಾಗದ ಹಾಗೆ ವಿಸ್ಕ್‌ನಿಂದ (ತಂತಿಯ ಕಡೆಗೋಲು) ಕಲಸಲಿ. ಎಣ್ಣೆ, ವೆನಿಲಾ ಸೇರಿಸಿ. ಓವನ್ ಕಾದ ಮೇಲೆಯೇ ಸೋಡಾ, ಬೇಕಿಂಗ್ ಪೌಡರ್ ಹಾಕಬೇಕು.

ಹಾಕಿದ ಮೇಲೆ ಒಂದು ನಿಮಿಷ ಸುಮ್ಮನಿದ್ದು ಮಗುವಿಗೆ ಬಟ್ಟಲು ತೋರಿಸಿ. ಮೊದಲು ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಕಾಣುತ್ತದೆ, ಆಮೇಲೆ ನಡುವೆಯೂ ತೂತು ಬೀಳುತ್ತದೆ, ಮೊಸರು ಉಸಿರಾಡಿದ ಹಾಗೆ ಮೇಲೆ ಬರುತ್ತದೆ, ಕಿವಿ ಹತ್ತಿರ ತಂದರೆ ಸಣ್ಣಗೆ ಚಿರುಚಿರು ಸದ್ದು. ಹೀಗೆ ಕಾಣದಿದ್ದರೆ ಒಂದೋ ಮೊಸರು ತೀರಾ ಸಪ್ಪೆ, ಇಲ್ಲವೇ ಸೋಡಾ ಹಳೆಯದು. ಸೋಡಾ ಪರೀಕ್ಷೆಗೆ ಒಂದು ಹನಿ ನಿಂಬೆರಸ, ಬೇಕಿಂಗ್ ಪೌಡರ್ ಪರೀಕ್ಷೆಗೆ ಬಿಸಿ ನೀರು. ಚಿಮ್ಮಿ ನೊರೆ ಬಂದರೆ ಸರಿ, ಬಾರದಿದ್ದರೆ ಡಬ್ಬಿ ಬದಲಿಸಿ. ಮಳೆಗಾಲದಲ್ಲಿ ಮುಚ್ಚಳ ಸಡಿಲವಿದ್ದ ಬೇಕಿಂಗ್ ಪೌಡರ್ ತೇವ ಹೀರಿ ಬೇಗ ಸತ್ತುಹೋಗುತ್ತದೆ. ಈ ಪರೀಕ್ಷೆಯನ್ನು ಮಕ್ಕಳ ಕೈಗೆ ಒಪ್ಪಿಸಿ ನೋಡಿ, ಮರೆಯದೆ ಮಾಡುತ್ತಾರೆ.

ನೊರೆ ಎದ್ದ ಮೇಲೆ ಜರಡಿ ಹಿಡಿದಿಟ್ಟ ಮೈದಾವನ್ನು ಮೂರು ಸಲಕ್ಕೆ ಹಾಕಿ ಕಟ್ ಅಂಡ್ ಫೋಲ್ಡ್ ಮಾಡಿ: ಸ್ಪ್ಯಾಚುಲಾ ನಡುವೆ ಇಳಿಸಿ, ತಳ ಸವರಿಕೊಂಡು ಅಂಚಿನಿಂದ ಮೇಲೆ ತಂದು ಮಗುಚುವುದು. ಇಲ್ಲಿ ಮಕ್ಕಳಿಗೆ ಸುಮ್ಮನೆ ಕಲಸುವ ಆಸೆ. ಆದರೆ ಮೈದಾ ಒದ್ದೆಯಾದ ಮೇಲೆ ತಿರುವಿದಷ್ಟೂ ಅದರ ಅಂಟು ಬಲಿಯುತ್ತದೆ, ಕೇಕ್ ರಬ್ಬರಿನ ಹಾಗೆ ಆಗಿ ಒಳಗೆ ಉದ್ದುದ್ದ ತೂತು ಬೀಳುತ್ತದೆ. ಬಿಳಿ ಪುಡಿ ಕಾಣದಾದ ಕೂಡಲೇ ನಿಲ್ಲಿಸಿ. ಸಣ್ಣ ಗಂಟು ಒಂದೆರಡು ಉಳಿದರೆ ಪರವಾಗಿಲ್ಲ. ಸ್ಪ್ಯಾಚುಲಾ ಎತ್ತಿದರೆ ಹಿಟ್ಟು ದಪ್ಪ ಪಟ್ಟಿಯ ಹಾಗೆ ಬಿದ್ದು, ಬಿದ್ದ ಗುರುತು ಎರಡು ಮೂರು ಸೆಕೆಂಡ್ ನಿಂತು ಮಾಯವಾಗಬೇಕು. ಇಡ್ಲಿ ಹಿಟ್ಟಿನಷ್ಟು ಗಟ್ಟಿಯಾದರೆ ಒಂದು ಚಮಚ ಹಾಲು ಸೇರಿಸಿ. ದೋಸೆ ಹಿಟ್ಟಿನ ಹಾಗೆ ಹರಿದರೆ ಮೊಸರು ನೀರಾಗಿತ್ತು ಎಂದರ್ಥ. ಮುಂದಿನ ಸಲ ಮೊಸರನ್ನು ತೆಳು ಬಟ್ಟೆಯಲ್ಲಿ ಕಾಲು ಗಂಟೆ ಸೋಸಿ, ಆಮೇಲೆ 240 ಗ್ರಾಂ ತೂಗಿ. ಕೇಕಿನ ತಳದಲ್ಲಿ ಒದ್ದೆ ಪದರ ಕೂರುವುದು ಈ ನೀರಿನಿಂದ, ಇಲ್ಲವೇ ಓವನ್ ಕಾಯದೆ ಇಟ್ಟದ್ದರಿಂದ.

ಹಸಿ ಹಿಟ್ಟು ನೆಕ್ಕಲು ಕೊಡಬೇಡಿ. ಹಸಿ ಮೊಟ್ಟೆ ಅಪಾಯ ಅನ್ನುವುದು ಎಲ್ಲರಿಗೂ ಗೊತ್ತು, ಆದರೆ ಎಗ್‌ಲೆಸ್ ಆದರೂ ಹಸಿ ಮೈದಾ ಬೇಯಿಸದ ಧಾನ್ಯವೇ, ಅದರಲ್ಲೂ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಇರಬಹುದು. ಬಟ್ಟಲು ನೆಕ್ಕುವ ಸಂತೋಷವನ್ನೇ ಕಿತ್ತುಕೊಳ್ಳಬೇಕಿಲ್ಲ. ಬೀಟ್ ಮಾಡಿದ ಕ್ರೀಂ ಎರಡು ಚಮಚ ಪುಟ್ಟ ಬಟ್ಟಲಿಗೆ ತೆಗೆದು, ಬೇರೆ ಚಮಚ ಇಟ್ಟು ಕೊಡಿ.

ಓವನ್ ಮುಂದೆ

ಮನೆಯ ಓಟಿಜಿಯ (ಮೇಜಿನ ಮೇಲಿಡುವ ಕರೆಂಟ್ ಓವನ್) ಡಯಲ್ 180 ಅಂದರೆ ಒಳಗೆ 180 ಇದೆ ಅಂತಲ್ಲ. ಹದಿನೈದು ಇಪ್ಪತ್ತು ಡಿಗ್ರಿ ಆಚೀಚೆ ಇರುವುದು ಮಾಮೂಲು. ಓವನ್ ಒಳಗಿಡುವ ಥರ್ಮಾಮೀಟರ್ ಒಂದು ತಂದು, ಯಾವ ಗುರುತಿಗೆ ಎಷ್ಟು ಶಾಖ ಅಂತ ಒಮ್ಮೆ ನೋಡಿ ಬಾಗಿಲಿನ ಪಕ್ಕ ಚೀಟಿ ಅಂಟಿಸಿ. ಕಾಯಿಸುವುದು ಕನಿಷ್ಠ 15 ನಿಮಿಷ. ಈ ಸ್ಪಾಂಜಿಗೆ ಒಳಗೆ 175 ಡಿಗ್ರಿ ಇರಬೇಕು. ಟಿನ್ ಕೆಳಗಿನಿಂದ ಎರಡನೇ ಹಂತದಲ್ಲಿರಲಿ. 7 ಇಂಚಿನದಕ್ಕೆ 35ರಿಂದ 40 ನಿಮಿಷ, 6 ಇಂಚಿನ ಅರ್ಧ ಅಳತೆಗೆ 25ರಿಂದ 30 ನಿಮಿಷ. ಮೊದಲ 25 ನಿಮಿಷ ಬಾಗಿಲು ತೆರೆಯಬಾರದು. ಚಿಕ್ಕ ಓವನ್ನಿನ ಬಾಗಿಲು ಒಮ್ಮೆ ತೆರೆದರೆ ಶಾಖ ದಿಢೀರನೆ ಇಳಿಯುತ್ತದೆ, ಅರೆಬೆಂದ ನಡು ಕೂತುಬಿಡುತ್ತದೆ. ಮಕ್ಕಳಿಗೆ "ತೆಗೀಬೇಡ" ಅನ್ನುವ ಬದಲು ಟೈಮರ್ ಕೈಗೆ ಕೊಟ್ಟು, ಗಾಜಿನಿಂದ ಮೂರಡಿ ದೂರ ಸ್ಟೂಲ್ ಹಾಕಿ ಕೂರಿಸಿ. ಓಟಿಜಿಯ ಹೊರಮೈಯೂ ಗಾಜೂ ಕೈ ಸುಡುವಷ್ಟು ಕಾಯುತ್ತವೆ. ಹತ್ತು ಹನ್ನೊಂದು ವರ್ಷದ ಒಳಗಿನವರು ಟಿನ್ ಒಳಗಿಡುವುದು, ಹೊರಗೆ ತೆಗೆಯುವುದು ಬೇಡವೇ ಬೇಡ.

ಮೇಲೆ ಗುಡ್ಡ ಎದ್ದು ಬಿರಿದರೆ ಶಾಖ ಹೆಚ್ಚಾಗಿದೆ, ಅಥವಾ ಟಿನ್ ಮೇಲಿನ ರಾಡಿಗೆ ಹತ್ತಿರವಿದೆ. ಮೇಲೆ ಕೆಂಪಾಗಿ ಒಳಗೆ ಹಸಿ ಇದ್ದರೂ ಅದೇ ಕಾರಣ. ಮೇಲೆ ಅಲ್ಯುಮಿನಿಯಂ ಫಾಯಿಲ್ ಸಡಿಲವಾಗಿ ಮುಚ್ಚಿ ಹತ್ತು ನಿಮಿಷ ಮುಂದುವರಿಸಿ. ನಡು ಕುಸಿದರೆ ಬೇಕಿಂಗ್ ಪೌಡರ್ ಹೆಚ್ಚು, ಇಲ್ಲವೇ ಬೆಂದಿರಲಿಲ್ಲ. ಟೂತ್‌ಪಿಕ್ ನಡುವೆ ಚುಚ್ಚಿದರೆ ಹಸಿ ಹಿಟ್ಟು ಅಂಟಬಾರದು, ಒಂದೆರಡು ಒಣ ಪುಡಿ ಅಂಟಿದರೆ ಸರಿ. ತೆಗೆದ ಮೇಲೆ ಟಿನ್‌ನಲ್ಲೇ ಹತ್ತು ನಿಮಿಷ, ಆಮೇಲೆ ಜಾಲರಿ ಮೇಲೆ ಒಂದು ಗಂಟೆ. ಬಿಸಿ ಸ್ಪಾಂಜಿಗೆ ಕ್ರೀಂ ಸವರಿದರೆ ಕರಗಿ ಇಳಿಯುತ್ತದೆ, ಎಷ್ಟು ಅವಸರವಿದ್ದರೂ ಇದನ್ನು ಮಾಡಬೇಡಿ.

ಕರೆಂಟ್ ಹೋದರೆ? ಹದಿನೈದು ನಿಮಿಷದೊಳಗೆ ಬಂದರೆ ಬಾಗಿಲು ತೆರೆಯದೆ ಹಾಗೇ ಬಿಡಿ, ಒಳಗಿನ ಶಾಖ ಕಾಪಾಡುತ್ತದೆ. ಇಟ್ಟು ಹತ್ತು ನಿಮಿಷದೊಳಗೆ ಹೋಗಿ ಅರ್ಧ ಗಂಟೆ ಬಾರದಿದ್ದರೆ ಆ ಸ್ಪಾಂಜನ್ನು ಆರ್ಡರಿಗೆ ನೆಚ್ಚಬೇಡಿ. ಆರ್ಡರ್ ಸ್ಪಾಂಜನ್ನು ಹಿಂದಿನ ರಾತ್ರಿಯೇ ಬೇಯಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಶನಿವಾರ ಸಂಜೆಯ ಆರ್ಡರಿಗೆ ಗುರುವಾರ ರಾತ್ರಿಯೇ ಕೆಲಸ ಶುರು

ಮನೆ ಬೇಕರ್‌ಗಳು ಹೆಚ್ಚಾಗಿ ಬಳಸುವ ನಾನ್‌ಡೈರಿ ವಿಪ್ಪಿಂಗ್ ಕ್ರೀಂ ಫ್ರೀಜರಿನಲ್ಲಿ ಗಟ್ಟಿಯಾಗಿರುತ್ತದೆ. ಅದನ್ನು ಹೊರಗಿಟ್ಟು ಕರಗಿಸಬಾರದು. ಗುರುವಾರ ರಾತ್ರಿ ಫ್ರೀಜರಿನಿಂದ ಕೆಳಗಿನ ಶೆಲ್ಫಿಗೆ ಇಳಿಸಿದರೆ ಶನಿವಾರ ಬೆಳಿಗ್ಗೆ ಹದವಾಗಿರುತ್ತದೆ. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜ್ ಮಾಡಿದರೆ ಕೊಬ್ಬೂ ನೀರೂ ಬೇರೆಯಾಗಿ ಏಳುವುದೇ ಇಲ್ಲ. ಆದ್ದರಿಂದ ದೊಡ್ಡ ಪ್ಯಾಕೆಟ್ ಮೊದಲ ಸಲ ಕರಗಿದಾಗಲೇ ಎಷ್ಟು ಕೇಕಿಗೆ ಬೇಕು ಅಂತ ಲೆಕ್ಕ ಹಾಕಿ: ಅರ್ಧ ಕೆಜಿ ಕೇಕಿಗೆ 170 ಗ್ರಾಂ, ಒಂದು ಕೆಜಿಗೆ 320 ಗ್ರಾಂ. ಅಂಗಡಿಯಲ್ಲಿ ಚಿಕ್ಕ ಪೊಟ್ಟಣದಲ್ಲಿ ಸಿಗುವ ಫ್ರೆಶ್ ಕ್ರೀಂನಲ್ಲಿ ಕೊಬ್ಬು 25 ಶೇಕಡಾದಷ್ಟೇ ಇರುತ್ತದೆ. ಅದು ಗ್ರೇವಿಗೆ, ಗನಾಶ್‌ಗೆ (ಚಾಕೊಲೇಟ್, ಕ್ರೀಂ ಕರಗಿಸಿದ ಮಿಶ್ರಣ) ಸರಿ, ಬೀಟ್ ಮಾಡಿದರೆ ನಿಲ್ಲುವುದಿಲ್ಲ.

ಶುಕ್ರವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಕಟ್ಟೆ ಒರೆಸಿ, ಕೂದಲು ಕಟ್ಟಿ ಸ್ಪಾಂಜ್ ಬೇಯಿಸಿ. ಆರಿದ ಮೇಲೆ ಕ್ಲಿಂಗ್ ರ‍್ಯಾಪ್ ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ತಣ್ಣಗಾದ ಸ್ಪಾಂಜ್ ಪುಡಿ ಉದುರದೆ ನೀಟಾಗಿ ಪದರ ಬರುತ್ತದೆ. ಸುತ್ತದೆ ಇಟ್ಟರೆ ಒಣಗುತ್ತದೆ, ಜೊತೆಗೆ ಫ್ರಿಜ್ಜಿನ ವಾಸನೆಯನ್ನೆಲ್ಲ ಹೀರುತ್ತದೆ. ಹೆಚ್ಚಿದ ಈರುಳ್ಳಿ, ಹುಳಿಯ ಪಾತ್ರೆ ಇರುವ ಶೆಲ್ಫಿನಲ್ಲಿ ಕೇಕ್ ಇಡಬೇಡಿ. ನಾಳೆಯ ಪೂಜೆಗೆ ತಂದ ಮಲ್ಲಿಗೆ ದಂಡೆಯನ್ನೂ ಕೇಕಿನ ಪಕ್ಕ ಇಡಬೇಡಿ. ಕ್ರೀಂ ಮಲ್ಲಿಗೆ ವಾಸನೆಯನ್ನು ಹಿಡಿದುಕೊಂಡರೆ ಬಿಡುವುದಿಲ್ಲ.

ಶನಿವಾರ ಬೆಳಿಗ್ಗೆ ಬಟ್ಟಲು, ಬೀಟರ್ ಕಡ್ಡಿ ಎರಡನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಡಿ. ಕ್ರೀಂನಲ್ಲಿ ಅಲ್ಲಲ್ಲಿ ಸಣ್ಣ ಐಸಿನ ತರಿ ಉಳಿದಿದ್ದರೆ ಒಳ್ಳೆಯದೇ. ಮೊದಲು ನಿಧಾನ ವೇಗ ಎರಡು ನಿಮಿಷ, ಆಮೇಲೆ ಮಧ್ಯಮ ವೇಗ. ಮೇಲ್ಮೈಯಲ್ಲಿ ಬೀಟರಿನ ಗೆರೆ ಉಳಿಯಲು ಶುರುವಾದ ಮೇಲೆ ಪ್ರತಿ ಇಪ್ಪತ್ತು ಸೆಕೆಂಡಿಗೆ ನಿಲ್ಲಿಸಿ ನೋಡಿ. ಕಡ್ಡಿ ಎತ್ತಿದಾಗ ತುದಿ ಗಿಣಿಯ ಕೊಕ್ಕಿನ ಹಾಗೆ ಬಾಗಿದರೆ ಸವರಲು ಹದ, ನೆಟ್ಟಗೆ ನಿಂತರೆ ಕೇಕಿನ ಮೇಲೆ ಕ್ರೀಂ ಹೂ ಬಿಡಿಸಲು ಹದ. ಎರಡೂ ಬೇಕು, ಆದ್ದರಿಂದ ಸವರುವ ಹದಕ್ಕೆ ಬಂದಾಗ ಮುಕ್ಕಾಲು ಭಾಗ ಎತ್ತಿಟ್ಟು ಉಳಿದದ್ದನ್ನು ಮುಂದುವರಿಸಿ. ರವೆಯ ಹಾಗೆ ತರಿತರಿ ಆಯಿತೇ? ಬೀಟರ್ ಬಿಡಿ, ಕರಗಿದ ಕ್ರೀಂ ಎರಡು ಚಮಚ ಹಾಕಿ ಸ್ಪ್ಯಾಚುಲಾದಿಂದ ಕೈಯಲ್ಲೇ ಮಗುಚಿ, ಬಹುಪಾಲು ಸರಿಹೋಗುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಈ ಕೆಲಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಿಕೊಳ್ಳಿ. ರಾಯಚೂರು, ಕಲಬುರಗಿ ಕಡೆಯವರು ಬಟ್ಟಲಿನ ಕೆಳಗೆ ಐಸ್ ನೀರಿನ ಪಾತ್ರೆ ಇಟ್ಟೇ ಬೀಟ್ ಮಾಡಬೇಕು.

ಸ್ಪಾಂಜಿನ ಪದರಗಳಿಗೆ ಹನಿಸುವ ಸಿರಪ್ ಅಂದರೆ 100 ಎಂಎಲ್ ನೀರಿಗೆ 50 ಗ್ರಾಂ ಸಕ್ಕರೆ, ಒಂದು ಕುದಿ, ಆರಿಸಿ. ಅರ್ಧ ಕೆಜಿಗೆ 50 ಎಂಎಲ್ ಸಾಕು. ಹೆಚ್ಚು ಸುರಿದರೆ ತಿನ್ನಲು ಮೆತ್ತಗೆ ಅನ್ನಿಸಿದರೂ ಪದರ ಜಾರುತ್ತದೆ, ಸ್ಕೂಟರ್ ಮೇಲೆ ಹೋಗುವ ಕೇಕ್ ದಾರಿಯಲ್ಲೇ ವಾಲುತ್ತದೆ. ಮೊದಲು ಕ್ರೀಂ ತೆಳುವಾಗಿ ಒಂದು ಕೋಟ್ ಸವರಿ, ಪುಡಿಯೆಲ್ಲ ಅದಕ್ಕೆ ಅಂಟಿದ ಮೇಲೆ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಆಮೇಲೆ ಕೊನೆಯ ಕೋಟ್. ಮುಗಿದ ಕೇಕ್ ಕಡಿಮೆಯೆಂದರೆ ಎರಡು ಗಂಟೆ ತಣ್ಣಗಿರಬೇಕು. ಮಕ್ಕಳಿರುವ ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಗಂಟೆಗೆ ಹತ್ತು ಸಲ ತೆರೆಯುತ್ತದೆ. ಆ ಎರಡು ಗಂಟೆಗೆ ಬೇಕಾದ ನೀರಿನ ಬಾಟಲಿ, ಹಾಲು, ಹಣ್ಣು ಮೊದಲೇ ಹೊರಗೆ ತೆಗೆದಿಟ್ಟುಬಿಡಿ.

ಕೇಕ್ ಕಾರಿನಲ್ಲಿ ಹೋಗುವುದಾದರೆ ಸೀಟಿನ ಮೇಲೆ ಬೇಡ, ಸೀಟು ಹಿಂದಕ್ಕೆ ಇಳಿಜಾರು. ಮಗುವಿನ ತೊಡೆಯ ಮೇಲೂ ಬೇಡ. ಮುಂದಿನ ಸೀಟಿನ ಎದುರು ಕಾಲಿಡುವ ಸಮತಟ್ಟಾದ ಜಾಗದಲ್ಲಿ, ಹಿಂಡಿದ ಒದ್ದೆ ಟವೆಲ್ ಹಾಸಿ ಬಾಕ್ಸ್ ಇಟ್ಟರೆ ಅಲ್ಲಾಡುವುದಿಲ್ಲ.

ಆರ್ಡರಿನಲ್ಲಿ ಮಕ್ಕಳಿಗೆ ಏನು ಕೊಡಬಹುದು

ತಿನ್ನುವ ವಸ್ತುವಿಗೆ ಕೈ ತಾಗದ ಕೆಲಸ ಬೇಕಾದಷ್ಟಿದೆ. ಬಾಕ್ಸ್ ಮಡಚುವುದು, ರಿಬ್ಬನ್ ಕತ್ತರಿಸುವುದು, ಕ್ಯಾಂಡಲ್ ಎಣಿಸಿ ಅಂಟಿಸುವುದು, ಹೆಸರಿನ ಕಾಗುಣಿತ ನೋಡುವುದು. ಕೊನೆಯದು ಸಣ್ಣ ಕೆಲಸವಲ್ಲ. ಕೇಕಿನ ಮೇಲೆ ಹೆಸರು ಬರೆಯುವ ಮೊದಲು ಗ್ರಾಹಕರು ಕಳಿಸಿದ ವಾಟ್ಸಾಪ್ ಸಂದೇಶ ನೋಡಿ ಮಗು ಒಂದೊಂದೇ ಅಕ್ಷರ ಗಟ್ಟಿಯಾಗಿ ಓದಲಿ, ನೀವು ಬರೆಯಿರಿ. ಹೆಸರಿನ ತಪ್ಪಿಗೆ ಬರುವಷ್ಟು ದೂರು ರುಚಿಗೂ ಬರುವುದಿಲ್ಲ. ಕಾನೂನಿನ ಮಾತೂ ತಿಳಿದಿರಲಿ: 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಕ್ಕಳು ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಯ ಉದ್ಯೋಗದಲ್ಲಿ ಕೈಜೋಡಿಸಬಹುದು. ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದಕ್ಕೆ ಬಾಕ್ಸ್ ಮಡಚಿಸುವುದು ಕೈಜೋಡಿಸುವುದಲ್ಲ.

ಮಗುವಿಗೆ ನೆಗಡಿ, ವಾಂತಿ ಭೇದಿ ಇದ್ದರೆ ಆರ್ಡರ್ ನಡೆಯುವಾಗ ಅಡುಗೆಮನೆಗೆ ಬರುವುದು ಬೇಡ. ನಿಮಗೇ ವಾಂತಿ ಭೇದಿ ಇದ್ದರೆ ಆರ್ಡರನ್ನೇ ಬಿಡಬೇಕು, ಎಷ್ಟೇ ಬೇಕಾದವರ ಮನೆಯದಾದರೂ. ಶೇಂಗಾ ಚಿಕ್ಕಿ ತಿಂದ ಕೈ ಕೇಕಿಗೆ ತಾಗಿದರೆ ಶೇಂಗಾ ಅಲರ್ಜಿ ಇರುವ ಇನ್ನೊಂದು ಮಗುವಿಗೆ ಅದು ಜೀವಕ್ಕೆ ಎರವಾಗಬಹುದು. ಆರ್ಡರ್ ಬರೆದುಕೊಳ್ಳುವಾಗಲೇ ಅಲರ್ಜಿ ಕೇಳಿ. ಗೋಡಂಬಿ, ವಾಲ್‌ನಟ್ ಬಳಸುವ ಮನೆಯಾದರೆ ಅದನ್ನು ಮುಚ್ಚಿಡದೆ ಹೇಳಿ.

ಮೊಟ್ಟೆ ಕೇಕೂ ಮಾಡುವವರಾದರೆ ಎಗ್‌ಲೆಸ್‌ಗೆ ಬೇರೆ ಬೀಟರ್ ಕಡ್ಡಿ, ಬೇರೆ ಸ್ಪ್ಯಾಚುಲಾ ಇಡಿ. ಹಿಡಿಗೆ ಹಸಿರು ಟೇಪ್ ಸುತ್ತಿದರೆ ಓದಲು ಬಾರದ ಮಗುವಿಗೂ ಗೊತ್ತಾಗುತ್ತದೆ. ಮಡಿವಂತಿಕೆ ಅಂದುಕೊಳ್ಳಬೇಡಿ, ಎಗ್‌ಲೆಸ್ ಅಂತ ದುಡ್ಡು ತೆಗೆದುಕೊಂಡ ಮೇಲೆ ಅದು ಮಾತು ಉಳಿಸಿಕೊಳ್ಳುವ ವಿಷಯ.

ನೋಂದಣಿ, ಬಣ್ಣ

ಮನೆಯಲ್ಲಿ ಒಂದೇ ಒಂದು ಕೇಕ್ ಮಾರಿದರೂ ಆಹಾರ ಸುರಕ್ಷತಾ ನೋಂದಣಿ ಬೇಕು. 2011ರ ನಿಯಮಗಳು ವರ್ಷಕ್ಕೆ 12 ಲಕ್ಷ ರೂಪಾಯಿಯೊಳಗಿನ ವಹಿವಾಟಿಗೆ ಲೈಸೆನ್ಸ್ ಬೇಡ, ನೋಂದಣಿ ಸಾಕು ಎಂದಿಟ್ಟವು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯ ಫೋಸ್ಕೋಸ್ ಜಾಲತಾಣದಲ್ಲಿ ಫೋಟೋ, ಗುರುತಿನ ಚೀಟಿ, ವಿಳಾಸದ ದಾಖಲೆ ಹಾಕಿ ನೀವೇ ಮಾಡಿಕೊಳ್ಳಬಹುದು. ಶುಲ್ಕ ಚಿಕ್ಕದು, ಸಾವಿರಾರು ರೂಪಾಯಿ ಕೇಳುವ ಏಜೆಂಟರು ಬೇಕಿಲ್ಲ. ಸಿಗುವ 14 ಅಂಕಿಯ ಸಂಖ್ಯೆಯನ್ನು ಬಾಕ್ಸಿನ ಚೀಟಿಯಲ್ಲಿ ಹಾಕಿ. ಜೊತೆಗೆ ಏನೇನು ಬಳಸಿದ್ದೀರಿ, ತೂಕ, ಮಾಡಿದ ದಿನ, ಎಷ್ಟರೊಳಗೆ ತಿನ್ನಬೇಕು ಎಂಬುದು. ಎಗ್‌ಲೆಸ್ ಆದರೆ ಹಸಿರು ಚುಕ್ಕೆ, ಮೊಟ್ಟೆ ಇದ್ದರೆ ಚೌಕದೊಳಗೆ ಕಂದು ತ್ರಿಕೋನ. ಕ್ರೀಂ ಕೇಕಿಗೆ "ಫ್ರಿಜ್ಜಿನಲ್ಲಿಡಿ, ಎರಡು ದಿನದೊಳಗೆ ಮುಗಿಸಿ" ಅಂತ ಬರೆಯುವುದು ಎಲ್ಲರಿಗೂ ಕ್ಷೇಮ.

2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನಲ್ಲಿ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತ ಎಂದು ಬಂದವು. ರೆಡ್ ವೆಲ್ವೆಟ್, ಬ್ಲ್ಯಾಕ್ ಫಾರೆಸ್ಟ್‌ನಂಥವುಗಳಲ್ಲಿ ಕೃತಕ ಬಣ್ಣ ಮಿತಿ ಮೀರಿತ್ತು. ಅನುಮತಿ ಇರುವ ಬಣ್ಣಕ್ಕೂ ಮಿತಿ ಇದೆ, "ಫುಡ್ ಕಲರ್" ಅಂತ ಬರೆದಿದ್ದ ಮಾತ್ರಕ್ಕೆ ಎಷ್ಟಾದರೂ ಸುರಿಯುವಂತಿಲ್ಲ. ಜೆಲ್ ಬಣ್ಣವನ್ನು ಟೂತ್‌ಪಿಕ್ ತುದಿಯಲ್ಲಿ ತೆಗೆದು ಕ್ರೀಂಗೆ ಸೇರಿಸಿ, ಹದಿನೈದು ನಿಮಿಷ ಬಿಡಿ. ಬಣ್ಣ ತಾನಾಗಿ ಗಾಢವಾಗುತ್ತದೆ. ಮೊದಲೇ ಕಡುಗೆಂಪು ಬರಲಿ ಅಂತ ಹಾಕಿದರೆ ಕಹಿಯೂ ಆಗುತ್ತದೆ. ಗ್ರಾಹಕರು ತೋರಿಸುವ ಫೋಟೋದ ಕಡುನೀಲಿ, ಕಡುಗೆಂಪು ಬೇಕೇ ಬೇಕು ಅಂದರೆ ಇಡೀ ಕೇಕ್ ಬದಲು ಮೇಲಿನ ಒಂದು ಅಂಚಿಗೆ ಮಾತ್ರ ಕೊಡುತ್ತೇನೆ ಅನ್ನಿ. ಅದನ್ನು ತಿನ್ನುವವರು ಮಕ್ಕಳೇ. ಬೀಟ್‌ರೂಟ್ ರಸ ಕ್ರೀಂನಲ್ಲಿ ಚಂದದ ಗುಲಾಬಿ ಕೊಡುತ್ತದೆ, ಆದರೆ ಹಿಟ್ಟಿಗೆ ಹಾಕಿ ಬೇಯಿಸಿದರೆ ಶಾಖಕ್ಕೂ ಸೋಡಾಕ್ಕೂ ಕಂದಾಗಿಬಿಡುತ್ತದೆ.

ಕ್ರಮವಾಗಿ ಕಲಿಯಬೇಕು ಅನ್ನುವವರಿಗೆ ಬೆಂಗಳೂರು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕವಿದೆ.

ಬೆಲೆ

ಅರ್ಧ ಕೆಜಿ ವೆನಿಲಾ ಕೇಕಿಗೆ ಒಂದು ಮಾದರಿ ಲೆಕ್ಕ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಮೈದಾ, ಸಕ್ಕರೆ, ಮೊಸರು, ಎಣ್ಣೆ ಸೇರಿ 24 ರೂಪಾಯಿ. ಕ್ರೀಂ 48. ವೆನಿಲಾ, ಸೋಡಾ, ಪೌಡರ್, ಬಟರ್ ಪೇಪರ್ 8. ಬೋರ್ಡ್, ಬಾಕ್ಸ್, ಚಾಕು, ಕ್ಯಾಂಡಲ್ 45. ಕರೆಂಟ್ 7. ಒಟ್ಟು 132. ಹಾಳಾಗುವುದಕ್ಕೆ ಹತ್ತು ಶೇಕಡಾ ಅಂದರೆ 13. ಇಲ್ಲಿಗೆ ನಿಲ್ಲಿಸಿ "145 ಖರ್ಚು, 300ಕ್ಕೆ ಮಾರಿದರೆ ಅರ್ಧ ಲಾಭ" ಅನ್ನುವವರೇ ಹೆಚ್ಚು. ತೂಗುವುದರಿಂದ ಪಾತ್ರೆ ತೊಳೆಯುವವರೆಗೆ ಎರಡೂವರೆ ಗಂಟೆ ನಿಂತ ಕಾಲಿಗೆ ಕೂಲಿ ಎಲ್ಲಿ? ಗಂಟೆಗೆ 100 ರೂಪಾಯಿಯಂತೆ 250 ಸೇರಿಸಿದರೆ 395, ಅದರ ಮೇಲೆ ಇಪ್ಪತ್ತು ಶೇಕಡಾ ಲಾಭಕ್ಕೆ 475 ರೂಪಾಯಿ ಆಗುತ್ತದೆ. ಮನೆಯಲ್ಲೇ ಇದ್ದೀರಲ್ಲ, ನಿಮಗೇನು ಖರ್ಚು ಅನ್ನುವವರಿಗೆ ಈ ಲೆಕ್ಕವೇ ಉತ್ತರ. ದರ ಕಡಿಮೆ ಮಾಡಬೇಡಿ. ಆರ್ಡರ್ ಖಚಿತವಾಗಬೇಕಾದರೆ ಅರ್ಧ ಅಡ್ವಾನ್ಸ್ ತೆಗೆದುಕೊಳ್ಳಿ.

ಗೃಹಜ್ಯೋತಿ ಇರುವ ಮನೆಯವರು ಮೀಟರ್ ಕಡೆ ಒಂದು ಕಣ್ಣಿಡಿ. 1500ರಿಂದ 2000 ವಾಟಿನ ಓಟಿಜಿ ಒಂದು ಗಂಟೆ ಉರಿದರೆ ಒಂದೂಕಾಲು ಯೂನಿಟ್ ಆಸುಪಾಸು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಡಿಸೆಂಬರಿನ ಪ್ಲಮ್ ಕೇಕ್ ತಿಂಗಳಲ್ಲಿ ಎರಡು ಮೂರು ಟಿನ್ ಒಟ್ಟಿಗೆ ಇಡುವುದು ಇದಕ್ಕೇ. ಕೇಕಿನ ದುಡ್ಡಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ ಇಟ್ಟುಕೊಳ್ಳುವುದೂ ಒಳ್ಳೆಯದು. 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಮೊತ್ತ ನೋಡಿ ತೆರಿಗೆ ನೋಟಿಸ್ ಬಂದಾಗ, ಯಾವುದು ವ್ಯಾಪಾರದ್ದು, ಯಾವುದು ಮನೆಯದು ಎಂದು ಬೇರೆ ಮಾಡಲು ಆಗದವರೇ ಹೆಚ್ಚು ಒದ್ದಾಡಿದರು.

ಭಾನುವಾರದ ಹನಿ ಕೇಕ್

ಮಕ್ಕಳ ಜೊತೆ ಮಾಡಲು ಕ್ರೀಂ ಕೇಕಿಗಿಂತ ಬೆಂಗಳೂರಿನ ಬೇಕರಿಗಳ ಗಾಜಿನ ಪೆಟ್ಟಿಗೆಯಲ್ಲಿ ಕೂತಿರುವ ಹನಿ ಕೇಕ್, ಅಂದರೆ ಜೇನಿನ ಕೇಕ್, ಎಷ್ಟೋ ಮೇಲು. ನಯವಾಗಿ ಸವರಬೇಕಿಲ್ಲ, ಚೂಪು ಅಂಚು ಬೇಕಿಲ್ಲ. ಚಮಚದಿಂದ ಹನಿಸು, ಸವರು, ಉದುರಿಸು. ಮೂರೂ ಮಕ್ಕಳು ಚೆನ್ನಾಗಿ ಮಾಡುವ ಕೆಲಸಗಳೇ. ಮೇಲೆ ಹೇಳಿದ ಪೂರ್ತಿ ಅಳತೆಯನ್ನು 7 ಇಂಚಿನ ಚೌಕ ಟಿನ್‌ನಲ್ಲಿ ಬೇಯಿಸಿ. ಚೌಕ ಟಿನ್‌ನಲ್ಲಿ ಹಿಟ್ಟು ತೆಳುವಾಗುವುದರಿಂದ 28ನೇ ನಿಮಿಷದಿಂದ ಪರೀಕ್ಷಿಸಿ.

100 ಎಂಎಲ್ ನೀರು, 50 ಗ್ರಾಂ ಸಕ್ಕರೆ ಕುದಿಸಿ ಇಳಿಸಿ. ಬೆರಳಿಗೆ ಉಗುರುಬೆಚ್ಚಗೆ ಅನ್ನಿಸಿದಾಗ ಜೇನುತುಪ್ಪ 2 ದೊಡ್ಡ ಚಮಚ ಸೇರಿಸಿ. ಕುದಿಯುವಾಗಲೇ ಹಾಕಿದರೆ ಜೇನಿನ ಪರಿಮಳ ಹೋಗಿ ಬರೀ ಸಿಹಿ ಉಳಿಯುತ್ತದೆ. ಬೆಚ್ಚಗಿರುವ ಸ್ಪಾಂಜಿಗೆ ಫೋರ್ಕಿನಿಂದ ಒಂದು ಇಂಚಿಗೊಂದು ತೂತು ಮಗು ಚುಚ್ಚಲಿ, ಆಮೇಲೆ ಚಮಚ ಚಮಚವಾಗಿ ಸಿರಪ್ ಹನಿಸಲಿ. ಅಂಚಿನಿಂದ ಶುರು ಮಾಡಿಸಿ, ಒಣಗಿರುವುದು ಅಂಚು. ಮಕ್ಕಳು ಬಿಟ್ಟರೆ ನಡುವೆಯೇ ಸುರಿಯುತ್ತಾರೆ, ನಡು ಪಾಯಸವಾಗುತ್ತದೆ. 100 ಗ್ರಾಂ ಮಿಕ್ಸ್ಡ್ ಫ್ರೂಟ್ ಜಾಮ್‌ಗೆ ಒಂದೊಂದು ದೊಡ್ಡ ಚಮಚ ಜೇನು, ನೀರು ಹಾಕಿ ಸಣ್ಣ ಉರಿಯಲ್ಲಿ ನೀವು ಕರಗಿಸಿ. ಕಾದ ಜಾಮ್ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ, ಆದ್ದರಿಂದ ಆರಿದ ಮೇಲೆಯೇ ಮಗುವಿಗೆ ಬ್ರಷ್ ಕೊಡಿ. ಕೊನೆಗೆ ಒಣಕೊಬ್ಬರಿ ಪುಡಿ ಮೂರು ಚಮಚ, ಒಂದಡಿ ಎತ್ತರದಿಂದ ಉದುರಿಸಲು ಹೇಳಿ. ಕೈ ಕೆಳಗಿದ್ದರೆ ಒಂದೇ ಕಡೆ ಗುಪ್ಪೆ ಬೀಳುತ್ತದೆ, ಎತ್ತರದಿಂದ ಬಿಟ್ಟರೆ ಸಮನಾಗಿ ಹರಡುತ್ತದೆ.

ಮನೆಯಲ್ಲಿ ಒಂದು ವರ್ಷ ತುಂಬದ ಕೂಸಿದ್ದರೆ ಅದಕ್ಕೆ ಇದು ಬೇಡ, ಜೇನು ಆ ವಯಸ್ಸಿಗೆ ಅಪಾಯ. ಉಳಿದವರಿಗೆ ಒಂದು ಗಂಟೆ ಬಿಟ್ಟು, ಬಿಸಿ ನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ನಾಲ್ಕಕ್ಕೆ ನಾಲ್ಕು, ಹದಿನಾರು ಚೌಕ ಕತ್ತರಿಸಿ. ಒಂದು ಚೌಕವನ್ನು ಅಡ್ಡಕ್ಕೆ ಮುರಿದು ನೋಡಿ: ಸಿರಪ್ ಎಲ್ಲಿಯವರೆಗೆ ಇಳಿದಿದೆ, ತಳದಲ್ಲಿ ಒದ್ದೆ ಗೆರೆ ಇದೆಯೋ ಇಲ್ಲವೋ, ತೂತು ಸಣ್ಣಗಿವೆಯೋ ಉದ್ದಕ್ಕಿವೆಯೋ. ಕಂಡದ್ದನ್ನು ದಿನಾಂಕದ ಜೊತೆ ಆರ್ಡರ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಓದು ಬರಹ ಕಲಿತ ಮಗುವಿದ್ದರೆ ಅವರ ಕೈಯಲ್ಲೇ ಬರೆಸಿ.